ಬಾಣಂತಿ ಕೋಣೆಗೆ ಹೊದಿಸಿದ ಥರ್ಮಾಕೋಲ್

ಮಗಳು ಮಂಜುಳಾಳ ಹೆರಿಗೆಗೆ ಇನ್ನು ಹತ್ತೇ ದಿನ ಇದ್ದಾಗ, ಮರ್ಫಿ ಟೌನಿನ ನಮ್ಮ ಮನೆಯ ಬಾಣಂತಿ ಕೋಣೆಯನ್ನು ಬೆಚ್ಚಗಿಡುವ ಮಹತ್ತರ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ! ಆ ಕೋಣೆಯ ಗೋಡೆ ಮಳೆಗಾಲದಲ್ಲಿ ಮುಟ್ಟಿದರೆ ಐಸು. ಹಸುಗೂಸಿಗೆ ಶೀತವಾದರೆ?

ಮೇಸ್ತ್ರಿ ಸೆಲ್ವಂ ಗೋಡೆಯ ಹೊರಮೈಗೆ ಥರ್ಮಾಕೋಲ್ ಹಾಳೆ ಅಂಟಿಸಿ, ಜಾಲರಿ ಕೂರಿಸಿ, ಮೇಲೆ ಡಬ್ಬದ ಸಿಂಥೆಟಿಕ್ ಗಾರೆ ಬಳಿದ. ಗೋಡೆ ಸ್ವೆಟರ್ ಹಾಕಿಕೊಂಡಂತಾಯಿತು. ಹೊರಡುವಾಗ ಬುಡದಲ್ಲಿ ಬಿಟ್ಟಿದ್ದ ಬೆರಳಗಲದ ಸಂದು ತೋರಿಸಿದ.

"ಸಾರ್, ಇದನ್ನ ಮಾತ್ರ ಮುಚ್ಬೇಡಿ. ಕಿಟಕಿ ಪಕ್ಕ ಎಲ್ಲಾದ್ರೂ ನೀರು ಒಳಗೆ ಹೋದ್ರೆ ಇಲ್ಲೇ ಆಚೆ ಬರ್ಬೇಕು."

"ಆಯ್ತಪ್ಪಾ" ಎಂದೆ. ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ ದುಡಿದವನು ನಾನು! ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುತ್ತಿದ್ದೆ ಅನ್ನುವುದು ಬೇರೆ ಮಾತು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕುವ ಮನೆ ನಮ್ಮದು. ಗೋಡೆಯುದ್ದಕ್ಕೂ ಸಂದು ಬಿಡುವುದೇ? ಅವನು ಅತ್ತ ಹೋದ ಮೇಲೆ ನಾನೇ ಸಿಮೆಂಟು ಕಲಸಿ ಇಂಚೂ ಬಿಡದೆ ಮುಚ್ಚಿದೆ. ಆಹಾ, ಎಷ್ಟು ನೀಟು!

ಮಳೆ ಹಿಡಿಯಿತು. ಮೂರನೇ ದಿನ ನೋಡುತ್ತೇನೆ, ಒಳಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿದೆ! ಅಷ್ಟರಲ್ಲೇ ಆಸ್ಪತ್ರೆಯಿಂದ ಅಳಿಯನ ಫೋನು: "ಮಾವ, ಹೆಣ್ಣು ಮಗು! ಮೂರು ದಿನಕ್ಕೆ ಮನೆಗೆ ಕಳಿಸ್ತಾರಂತೆ." ಸಂತೋಷಪಡುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಕಲೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ಸಂಜೆಗೆ ಕ್ಯಾಲೆಂಡರೂ ಒದ್ದೆ. ಮರುದಿನ ಅಗ್ಗಿಷ್ಟಿಕೆ ಉರಿಸಿಟ್ಟು ಬಾಗಿಲು ಹಾಕಿದೆ. ಆ ಸೆಖೆಗೆ ಗೋಡೆ ಬೆವೆತು, ಚಾವಣಿಯಿಂದಲೂ ಹನಿ ತೊಟ್ಟಿಕ್ಕತೊಡಗಿತು.

ಹೆಂಡತಿ ಸರೋಜ ಮೂಗು ಮುಚ್ಚಿಕೊಂಡಳು. "ಏನ್ರೀ ಇದು, ನೆನೆಹಾಕಿ ಮರೆತ ಅವರೆಕಾಳಿನ ವಾಸ್ನೆ?"

"ಹೊಸ ಗಾರೆ ಅಲ್ವೇನೇ..."

"ನನ್ನ ಮೊಮ್ಮಗಳಿಗೆ ಒಂದು ಸೀನು ಬರ್ಲಿ, ಆಮೇಲಿದೆ ನಿಮಗೆ!"

ಇನ್ನೂ ಮುಖವನ್ನೇ ನೋಡದ ಕೂಸಿಗೆ ನಾನೇ ಕೇಡು ತಂದೆನಲ್ಲಾ! ಸೆಲ್ವಂನನ್ನು ಕರೆಸಿದೆ. ಅವನು ಬಗ್ಗಿ ಬುಡ ನೋಡಿದ.

"ಸಾರ್, ಇದನ್ನ ಯಾರು ಮುಚ್ಚಿದ್ದು?"

ನಾನು ಆಕಾಶ ನೋಡಿದೆ.

"ಇನ್ಯಾರು, ಇವ್ರೇ!" ಎಂದಳು ಸರೋಜ.

ಉಳಿ ಇಟ್ಟು ಒಂದೇಟು ಹಾಕಿದ್ದೇ ತಡ, ನೀರು ಬುಳಬುಳನೆ ನನ್ನ ಚಪ್ಪಲಿಯ ಮೇಲೆ ಹರಿಯಿತು. "ಒಣಗೋಕೆ ತಿಂಗಳಾದ್ರೂ ಬೇಕು ಸಾರ್. ಮಗೂನ ಇಲ್ಲಿ ಮಲಗಿಸ್ಬೇಡಿ" ಎಂದ ಸೆಲ್ವಂ.

ತಾಯಿ ಮಗು ಬಂದಿಳಿದದ್ದು ನಮ್ಮ ಹಳೇ ಮಲಗುವ ಕೋಣೆಗೆ. ಅಲ್ಲಿನ ಗೋಡೆಯನ್ನು ನಾನು ಸುಧಾರಿಸಿರಲಿಲ್ಲ, ಹಾಗಾಗಿ ಒಣಗಿತ್ತು. ಒದ್ದೆ ಕೋಣೆ ನನ್ನ ಪಾಲಾಯಿತು. ಎರಡೇ ದಿನಕ್ಕೆ ಮೂಗು ಕಟ್ಟಿತು, ಮೈ ಬಿಸಿಯಾಯಿತು. ಸರೋಜ ಬೈಯುತ್ತಲೇ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಕಾಳುಮೆಣಸಿನ ಕಷಾಯ ಕುಡಿಸಿ, ಮಂಚದ ಕೆಳಗೆ ಸಾಂಬ್ರಾಣಿ ಹೊಗೆ ಇಟ್ಟಳು.

ಮಗು ನೋಡಲು ಬಂದ ಪಕ್ಕದ ಮನೆಯ ಕಮಲಮ್ಮ ನನ್ನ ಕೋಣೆಗೆ ಇಣುಕಿ, ಹೊದ್ದು ಮಲಗಿದ್ದ ನನ್ನನ್ನು ಕಂಡು ದನಿ ತಗ್ಗಿಸಿದರು. "ಮಲ್ಕೊಳಮ್ಮಾ, ಏಳ್ಬೇಡ. ಹಸೀ ಮೈ!"

ನಾನು ಸೀನಿದೆ.