ಒಂದು ಸಿಲಿಂಡರಿಗೆ ಎಷ್ಟು ಮಗ್ಗ?

ಆಯುಷ್ಯವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳಿಬಿಡುವುದು. ಕೇಳಿದವರಿಗೆ ಉತ್ತರ ಬೇಕಾಗಿದೆಯೋ, ಬರೀ ಮಾತು ಬೇಕಾಗಿದೆಯೋ ಎಂದು ನೋಡುವ ವ್ಯವಧಾನ ನಮ್ಮ ಕುಲಕ್ಕಿಲ್ಲ. ಬನಹಟ್ಟಿ ಬಸ್ ನಿಲ್ದಾಣದಲ್ಲಿ ಒಬ್ಬರು "ಏನ್ ಸೆಕಿ ಐತ್ರಿ ಸರ್ ಇವತ್ತ" ಅಂದರು. ನಾನು ಗಾಳಿಯ ಆರ್ದ್ರತೆಯಿಂದ ಶುರು ಮಾಡಿದೆ. ಪಾಪ, ಜಮಖಂಡಿಗೆ ಹೋಗಬೇಕಾದ ಆ ಮನುಷ್ಯ ಮೊದಲು ಬಂದ ಮುಧೋಳದ ಬಸ್ಸು ಹತ್ತಿ ಹೋಗಿಬಿಟ್ಟರು. ಇದರಿಂದಲೂ ನಾನು ಬುದ್ಧಿ ಕಲಿಯಲಿಲ್ಲ.

ಈಚೆಗೆ ನಮ್ಮ ಓಣಿಗೆ ಪೈಪಿನ ಗ್ಯಾಸು ಬಂತು. ಅಡುಗೆಮನೆಯ ಗೋಡೆಗೆ ಒಂದು ಹಳದಿ ಪೈಪು, ಹೊರಗೆ ಒಂದು ಮೀಟರು. ಓಣಿಯವರೆಲ್ಲ ಖುಷಿಯಾದರು, ನನ್ನ ಹೆಂಡತಿ ಮಹಾದೇವಿಯೊಬ್ಬಳನ್ನು ಬಿಟ್ಟು. ಅವಳು ಪೈಪನ್ನು ಮೇಲಿಂದ ಕೆಳಗೆ ನೋಡಿ, "ಸಿಲಿಂಡರಿಗೆ ಒಂದ್ ತಳಾ ಅಂತ ಇತ್ರಿ. ಇದಕ್ಕ ತಳಾ ಎಲ್ಲೈತಿ?" ಅಂದಳು. ಮನೆಯೊಳಗಿನ ಪೈಪಿನಲ್ಲಿ ಇರುವುದು ಚಿಟಿಕೆಯಷ್ಟು ಗ್ಯಾಸು, ಒತ್ತಡವೂ ಅತಿ ಕಡಿಮೆ, ಅದಕ್ಕೆ ಹೋಲಿಸಿದರೆ ಸಿಲಿಂಡರೇ ದೊಡ್ಡ ಅಪಾಯ ಎಂದು ನಾನು ವಿವರಿಸಿದೆ. ಅವಳು ಎದ್ದು ಹೋದಳು.

ಅವಳು ಎದ್ದು ಹೋದದ್ದಕ್ಕೆ ಕಾರಣವಿದೆ. ಅವಳ ತಂಗಿ ನೀಲವ್ವ ಚಿಮ್ಮಡದಲ್ಲಿ ನೇಕಾರ ಈರಪ್ಪನನ್ನು ಮದುವೆಯಾಗಿ ಅವನ ಮನೆ ಸೇರಿದ್ದಳು. ಎಷ್ಟೋ ವರ್ಷದ ಹಿಂದೆ ಖಂಡೇನವಮಿಯ ಬೆಳಿಗ್ಗೆ ಸತ್ತಳು. ನಮ್ಮ ಕಡೆ ಆ ದಿನ ದುಡಿಯುವ ಸಾಮಾನಿಗೆಲ್ಲ ಪೂಜೆ. ಗಂಡಸರು ಮಗ್ಗಕ್ಕೆ ಮಾಡಿದರೆ, ಮಹಾದೇವಿಯ ತವರಿನಲ್ಲಿ ಹೆಂಗಸರು ಗ್ಯಾಸಿನ ಸಿಲಿಂಡರಿಗೆ ಮಾಡುತ್ತಾರೆ. ಅದಕ್ಕೆ ಅರಿಷಿಣ ಕುಂಕುಮ, ಮೇಲಿನ ಬಳೆಗೆ ಚೆಂಡುಹೂವು, ಸುತ್ತ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ, ಕೊನೆಗೆ ಆರತಿ. ನೀಲವ್ವ ಆರತಿ ಹಿಡಿದು ಅಡುಗೆಮನೆಯೊಳಗೆ ಹೋದಳು, ಗ್ಯಾಸು ಸಿಡಿದು ಹಿಂದಿನ ಗೋಡೆ ಹಿತ್ತಲಿಗೆ ಬಿತ್ತು. ಲೋಬಾನದ ವಾಸನೆಯಲ್ಲಿ ಗ್ಯಾಸು ಸೋರಿದ್ದು ತಿಳಿಯಲಿಲ್ಲ ಎಂದು ಈರಪ್ಪ ಹೇಳಿದ. ಮಹಾದೇವಿ ನಂಬಲಿಲ್ಲ. "ಇಷ್ಟ ಎತ್ತರದ ಡಬ್ಬಿ, ಕಲ್ಲಿನ ಗ್ವಾಡಿ ಕೆಡವತೈತೇನು? ಏನೋ ಮಾಡ್ಯಾರ, ಮುಚ್ಚಾಕತ್ತಾರ" ಅಂದಳು. ಅಂದಿನಿಂದ ಆ ಮನೆಯೊಂದಿಗೆ ಮಾತಿಲ್ಲ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತನ್ನ ಮಾತು ಸಾಧಿಸಲು ಅವಳು ಪ್ರತಿ ಖಂಡೇನವಮಿಗೆ ನಮ್ಮ ಸಿಲಿಂಡರಿಗೂ ಅದೇ ಪೂಜೆ ಮಾಡತೊಡಗಿದಳು. ಲೋಬಾನ ಎರಡು ಪಾಲು ಹೆಚ್ಚು. ಬ್ಯಾಡ ಅಂದರೆ "ಆಗೂದಿದ್ರ ನನಗೂ ಆಗ್ಲಿ ಬಿಡ್ರಿ" ಅನ್ನುತ್ತಿದ್ದಳು. ನಾನು ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರು ಬಿಚ್ಚಿ, ಒಂದು ಕೈಯಲ್ಲಿ ಬಕೆಟ್ಟು ಇನ್ನೊಂದರಲ್ಲಿ ಹಸಿ ಗೋಣಿಚೀಲ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ದೇವರಿಗೆ ಕೈ ಮುಗಿಯಲು ನನಗೆ ಕೈಯೇ ಉಳಿಯುತ್ತಿರಲಿಲ್ಲ. ನೋಡಿದವರು ನಗುತ್ತಿದ್ದರು. ನನಗೆ ಮಾತ್ರ ಆರತಿ ಮುಗಿಯುವತನಕ ಜೀವ ಜೀವದಲ್ಲಿ ಇರುತ್ತಿರಲಿಲ್ಲ.

ಹೀಗಿರುವಾಗ ಪೈಪಿನ ಗ್ಯಾಸಿನ ಮೊದಲ ಬಿಲ್ಲು ಬಂತು. ಅದರಲ್ಲಿ ಕಿಲೋ ಇಲ್ಲ, ಸಿಲಿಂಡರ್ ಇಲ್ಲ. ಸ್ಟ್ಯಾಂಡರ್ಡ್ ಘನಮೀಟರ್ ಅಂತೆ. ಮಹಾದೇವಿ ಬಿಲ್ಲನ್ನು ನನ್ನ ಮುಂದೆ ಇಟ್ಟು, "ಇದ ಎಷ್ಟ ಸಿಲಿಂಡರ್ ಆತು, ಹೇಳ್ರಿ" ಅಂದಳು. ನಿವೃತ್ತ ಮೇಷ್ಟರಿಗೆ ಇನ್ನೇನು ಬೇಕು! ಚಾಳೀಸು ಏರಿಸಿಕೊಂಡು ಕೂತೆ. ಸಿಲಿಂಡರಿನಲ್ಲಿ ಇರುವುದು ಒತ್ತಿ ನೀರಾಗಿಸಿದ ಗ್ಯಾಸು, ಅದಕ್ಕೇ ತೂಕದಲ್ಲಿ ಅಳೆಯುತ್ತಾರೆ ಅಂದೆ. ಪೈಪಿನದು ಬೇರೆ ಜಾತಿ, ಸುಲಭಕ್ಕೆ ನೀರಾಗುವುದಿಲ್ಲ, ಹರಿದಂತೆ ಗಾತ್ರದಲ್ಲಿ ಅಳೆಯಬೇಕು. ಆದರೆ ಗಾತ್ರ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆ ಹದಿನೈದು ಡಿಗ್ರಿ ಉಷ್ಣತೆಯಲ್ಲಿ ಇದ್ದಿದ್ದರೆ ಎಷ್ಟು ಇರುತ್ತಿತ್ತೋ ಅಷ್ಟೆಂದು ಲೆಕ್ಕ ಹಿಡಿಯುತ್ತಾರೆ.

"ಹದಿನೈದ ಡಿಗ್ರಿ ಬನಹಟ್ಟ್ಯಾಗ ಯಾವಾಗ ಇತ್ರಿ?"

"ಇರಾಂಗಿಲ್ಲ. ಇತ್ತು ಅಂತ ತಿಳ್ಕೋಬೇಕು."

"ಸಾಲ್ಯಾಗೂ ಹಿಂಗ ಕಲಿಸ್ತಿದ್ರೇನು?"

ನಾನು ಕೇಳಿಸದವನಂತೆ ಮುಂದೆ ಹೋದೆ. ತೂಕಕ್ಕೂ ಗಾತ್ರಕ್ಕೂ ನೇರ ಹೋಲಿಕೆ ಸಲ್ಲದು, ಎರಡನ್ನೂ ಅವು ಕೊಡುವ ಶಾಖಕ್ಕೆ ತಿರುಗಿಸಬೇಕು. ಒಂದು ಘನಮೀಟರ್ ಅಂದರೆ ಸುಮಾರು ಹತ್ತು ಯೂನಿಟ್ ಕರೆಂಟಿನಷ್ಟು ಶಕ್ತಿ. ಒಂದು ತುಂಬಿದ ಸಿಲಿಂಡರು ಸುಮಾರು ನೂರ ಎಂಬತ್ತು ಯೂನಿಟ್, ಅಂದರೆ ಹದಿನೆಂಟು ಘನಮೀಟರಿಗೆ ಒಂದು ಸಿಲಿಂಡರು. ಯೂನಿಟ್ ಅಂದರೆ ಅವಳಿಗೆ ಬಿಲ್ಲಿನ ಅಂಕಿ ಮಾತ್ರ, ಮಗ್ಗ ಅಂದರೆ ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು. ಹಾಗಾಗಿ ನನಗೆ ಇನ್ನೊಂದು ಹೆಜ್ಜೆ ಹಾಕುವ ಹುಮ್ಮಸ್ಸು ಬಂತು. "ನಿಮ್ಮ ತವರಮನಿ ಪವರ್‌ಲೂಮ್ ಮಗ್ಗ ಐತಲ್ಲ, ಒಂದ್ ಎಚ್‌ಪಿ ಮೋಟಾರಿಂದು? ಒಂದ್ ಸಿಲಿಂಡರಿನ ಶಕ್ತಿ ಎಲ್ಲಾ ಅದಕ್ಕ ಸಿಕ್ರ, ಹಗಲು ರಾತ್ರಿ ನಿಲ್ಲದಂಗ ಹತ್ತ ದಿವಸ ಬಡೀತೈತಿ" ಅಂದೆ. ಅಂದು, ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆಯಲಿ ಎಂಬಂತೆ ನೋಡಿದೆ.

ಮಹಾದೇವಿ ಬಿಲ್ಲನ್ನು ಮಡಚಿದಳು. ಮತ್ತೆ ಬಿಚ್ಚಿದಳು.

"ಹತ್ತ ದಿವಸದ ಬಡಿತ... ಅಷ್ಟೆಲ್ಲಾ ಅದರಾಗ ಇರ್ತೈತೇನ್ರಿ?"

"ಇರ್ತೈತಿ."

"ಅದರಾಗಿಂದು ಒಂದೀಟ ಸೋರಿದ್ರ?"

ಆಗಾದರೂ ನಾನು ಬಾಯಿ ಮುಚ್ಚಬೇಕಿತ್ತು. ಚಟ ಕೇಳುತ್ತದೆಯೇ? ಮುಚ್ಚಿದ ಕೋಣೆಯಲ್ಲಿ ಸಿಲಿಂಡರಿನ ಹತ್ತರಲ್ಲಿ ಒಂದು ಪಾಲು ಗಾಳಿಯೊಂದಿಗೆ ಬೆರೆತು ಕಿಡಿ ತಾಗಿದರೂ ಸಾಕು, ಒಂದು ದಿನದ ಮಗ್ಗದ ಬಡಿತವೆಲ್ಲ ಒಂದೇ ಕ್ಷಣಕ್ಕೆ ಗೋಡೆಗೆ ಬಿದ್ದ ಹಾಗೆ, ಅಂದುಬಿಟ್ಟೆ. ಅಂದಮೇಲೆ ನಾನು ಏನು ಹೇಳಿದೆ ಎಂದು ನನಗೆ ತಿಳಿಯಿತು.

ಅವಳು ಆ ಹಳದಿ ಪೈಪಿನ ಕಡೆ ತಿರುಗಿದಳು. ಆಮೇಲೆ, "ಹಂಗಂದ್ರ ಈರಪ್ಪ ಹೇಳಿದ್ದು ಖರೇ ಇರಬಹುದೇನ್ರಿ?" ಅಂದಳು. ಇಂಥ ಪ್ರಶ್ನೆಗೆ ನನ್ನಲ್ಲಿ ಸೂತ್ರವಿಲ್ಲ. ಹೀಗಾಗಲು ಸಾಧ್ಯ ಎಂದು ಲೆಕ್ಕ ಹೇಳುತ್ತದೆ, ಹೀಗೇ ಆಯಿತು ಎಂದು ಹೇಳುವುದಿಲ್ಲ. ಜೀವನದಲ್ಲಿ ಮೊದಲ ಸಲ "ಗೊತ್ತಿಲ್ಲ" ಅಂದೆ.

"ಫೋನ್ ಹಚ್ರಿ ಅವಂಗ" ಅಂದಳು.

ಹಚ್ಚಿದೆ. ಈರಪ್ಪ ಎತ್ತಿದ. ಇಷ್ಟು ವರ್ಷದ ಮೇಲೆ ಏನು ಮಾತಾಡಬೇಕು? ಆರಾಮ ಇದ್ದೀರಾ ಎನ್ನಲು ಮುಖವಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಇದು: "ಈರಪ್ಪಾ, ನಿಮ್ಮ ಮನ್ಯಾಗೂ ಪೈಪಿನ ಗ್ಯಾಸ್ ಬಂತೇನಪಾ?" ಯಾರಾದರೂ ಇಂಥ ಮಾತು ಆಡುತ್ತಾರೆಯೇ, ಅದೂ ಆ ಮನುಷ್ಯನಿಗೆ? ನಾಲಿಗೆ ಕಚ್ಚಿಕೊಂಡೆ.

ಅತ್ತ ಕಡೆ ಮಗ್ಗ ನಿಲ್ಲಿಸಿದ ಸದ್ದಾಯಿತು. ಆಮೇಲೆ ಆತ ಹೇಳಿದ, "ಇಲ್ರಿ ಅಣ್ಣಾರ. ಅವತ್ತಿನಿಂದ ಮನ್ಯಾಗ ಗ್ಯಾಸ್ ಇಟ್ಟಿಲ್ರಿ. ಕಟ್ಟಿಗಿ ಒಲಿ ಮ್ಯಾಲ ನಾನ ರೊಟ್ಟಿ ಬಡ್ಕೋತೇನಿ. ಅಕ್ಕಾರ ಆರಾಮ ಅದಾರೇನ್ರಿ?"

ಫೋನಿನ ಸ್ಪೀಕರು ಹಾಕಿದ್ದೆ. ಮಹಾದೇವಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. "ತಮ್ಮಾ" ಅಂದಳು. "ಅದು ನಮ್ಮ ತವರಿನ ಪದ್ಧತಿ ತಮ್ಮಾ. ಲೋಬಾನ ಜಾಸ್ತಿ ಹಾಕು ಅಂತ ಆಕಿಗಿ ಹೇಳಿಕೊಟ್ಟಾಕಿ ನಾನ" ಅಂದಳು. ಇದೇ ಮಾತನ್ನು ಹೊರಗೆ ಬಿಡಬಾರದೆಂದು ಅವಳು ಇಷ್ಟು ವರ್ಷ ಒಂದು ಮನೆಯನ್ನೇ ತಪ್ಪಿತಸ್ಥರ ಮನೆ ಮಾಡಿಕೊಂಡಿದ್ದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಒಲೆ ಹಚ್ಚಿ ಎರಡು ಕಪ್ ಚಹಾಕ್ಕೆ ನೀರಿಟ್ಟೆ. ಹೊರಗೆ ಮೀಟರು ತಿರುಗುತ್ತಿದ್ದಿರಬೇಕು, ಹೋಗಿ ನೋಡಬೇಕೆನಿಸಲಿಲ್ಲ. ಪುಡಿ ಎಷ್ಟು, ಹಾಲು ಎಷ್ಟು ಎಂದು ಅವಳನ್ನು ಕೂಗಿ ಕೇಳಬೇಕೆನಿಸಿತು, ಕೇಳಲಿಲ್ಲ. ಅತ್ತು ಮುಗಿಸಿದವಳ ಕೈಗೆ ಕಪ್ಪು ಕೊಟ್ಟೆ. ಅವಳು ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟಳು. ಸಕ್ಕರೆ ಹಾಕಿರಲಿಲ್ಲವೆಂಬುದು ನನ್ನ ಕಪ್ಪನ್ನು ಬಾಯಿಗೆ ಇಟ್ಟಾಗ ನನಗೆ ತಿಳಿಯಿತು.