ಈ ಜಾಗ ಮೊದಲು ಯಾರದ್ದು?

…ಅಥವಾ ಅದು ಎಳನೀರಲ್ಲ, ಸುಲಿದ ತೆಂಗಿನಕಾಯಿಯೇ ಇರಬೇಕು. ಬೊರಿವಲಿ ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಬಂದ ಸೋದರಮಾವನ ಕೈಯಲ್ಲಿ ದುಂಡಗಿನದೇನೋ ಇತ್ತು. ನನ್ನ ನೆನಪು ಅದನ್ನು ಪ್ರತಿ ಸಲವೂ ಬದಲಾಯಿಸಿ ತೋರಿಸುತ್ತದೆ. ಹಾಗಾಗಿ ಇಲ್ಲಿ ಹೇಳುವುದನ್ನೆಲ್ಲ ನೀವು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು. ಒಂದು ಮಾತ್ರ ಖಂಡಿತ: ಮುಂಬಯಿಯಲ್ಲಿ ಫ್ಲ್ಯಾಟು ಕೊಂಡ ಮೇಲೆ ಆ ಜಾಗದ ನಿಜವಾದ ಯಜಮಾನನನ್ನು ಹುಡುಕುತ್ತ, ಬಿಲ್ಡರನಿಂದ ಶುರುಮಾಡಿ ಬೌದ್ಧ ಭಿಕ್ಷುಗಳವರೆಗೆ ಹಿಂದಕ್ಕೆ ಹೋದವರು ನಮ್ಮ ಮಾವ ಒಬ್ಬರೇ!

ಮಾವ ಉಡುಪಿ ಕಡೆಯವರು. ಅಲ್ಲಿ ಹೊಸ ಜಾಗದಲ್ಲಿ ಒಲೆ ಹಚ್ಚುವ ಮೊದಲು ಆ ಮಣ್ಣಿನ ದೈವಕ್ಕೆ ಎಳನೀರಿಟ್ಟು ಅಪ್ಪಣೆ ಕೇಳುತ್ತಾರೆ. ಘಾಟ್ಕೋಪರಿನ ಬಾಡಿಗೆ ಖೋಲಿಯಲ್ಲಿದ್ದಷ್ಟು ಕಾಲ ಮಾವನಿಗೆ ಆ ಚಿಂತೆಯಿರಲಿಲ್ಲ; ಕೇಳುವುದು ಮಾಲೀಕನ ಕೆಲಸ! ಬೊರಿವಲಿಯಲ್ಲಿ ಸ್ವಂತ ಮನೆಯಾಯಿತು. ಅವಸರದಲ್ಲಿ ಕೇಳುವುದು ಮರೆತುಹೋಯಿತು. ಅದೇ ಮಳೆಗಾಲ ಅತ್ತೆ ಹಾಸಿಗೆ ಹಿಡಿದರು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಗುಣವಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಮಾವ ದೈವದ ಹೆಸರು ಹುಡುಕಲು ಹೊರಟರು.

"ಮಾವ, ನಿಮ್ಮದು ಹನ್ನೊಂದನೇ ಮಾಳಿಗೆ. ಇಲ್ಲಿ ಮಣ್ಣೆಲ್ಲಿದೆ?"

"ಕೆಳಗೆ ಉಂಟಲ್ಲ ಮಾರಾಯ! ನಾವು ಲಿಫ್ಟಿನಲ್ಲಿ ಬರುವುದಾದ್ರೆ ದೈವಕ್ಕೆ ಬರ್ಲಿಕ್ಕೆ ಎಂತ ಕಷ್ಟ?"

ಕೆಲಸ ಸಿಕ್ಕಿ ಈ ಊರಿಗೆ ಹೊಸದಾಗಿ ಬಂದವರು ಸಮುದ್ರ ನೋಡುತ್ತಾರೆ, ಸಿನಿಮಾ ನಟರ ಬಂಗಲೆಯ ಗೇಟು ನೋಡುತ್ತಾರೆ. ನನಗೆ ಆ ಭಾಗ್ಯವೆಲ್ಲಿ? ಭಾನುವಾರ ಬಂದರೆ ಅತ್ತೆಯ ಹತ್ತಿರ ಪಕ್ಕದ ಮನೆಯ ಗುಜರಾತಿ ಬೆನ್, ಅಂದರೆ ಅಕ್ಕ, ಬಂದು ಕೂರುತ್ತಿದ್ದರು, ನಾನು ಮಾವನ ಹಿಂದೆ. ಸಮುದ್ರದ ಹಿನ್ನೀರು ತುಂಬಿದ ಖಾಡಿಯ ಆಚೆ ಮೀನುಗಾರರ ಕೇರಿಯಲ್ಲಿ, ಇಲ್ಲಿ ಮೊದಲು ಯಾರಿದ್ದರೆಂದು ಒಬ್ಬ ಮುದುಕಿಯನ್ನು ಮಾವ ಕೇಳಿದರು: "ಮಾವಶಿ, ಪೆಹಲೆ ಇಧರ್ ಕೌನ್ ಥಾ?"

"ಆಮೀಚ್!" ನಾವೇ, ಎಂದಳು ಮುದುಕಿ.

"ತುಮ್ಹಾರೇ ಪೆಹಲೆ?" ನಿಮಗಿಂತ ಮೊದಲು?

"ಪಾಣಿ. ಬೊಂಬಿಲ್ ಘೇಣಾರ್ ಕಾ?" ನೀರಿತ್ತು, ಬೊಂಬಿಲ್ ಕೊಳ್ಳುತ್ತೀರಾ, ಎಂದಳು.

ಯಜಮಾನ ಸಿಗಲಿಲ್ಲ, ಒಂದು ಚೀಲ ಬೊಂಬಿಲ್ ಮೀನು ಸಿಕ್ಕಿತು!

ಆಮೇಲೆ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಬೌದ್ಧ ಗುಹೆಗಳು. ಮಾವ ಭಿಕ್ಷುಗಳ ಕೋಣೆಗಳಿಗೆಲ್ಲ ಹೊಕ್ಕು, ಕಲ್ಲಿನ ಮಂಚದ ಮೇಲೆ ಕೂತು ನೋಡಿ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಗೆ ಇಣುಕಿದರು. "ನಮ್ಮ ಬಿಲ್ಡಿಂಗಿಗಿಂತ ಇವರ ಪ್ಲಂಬಿಂಗ್ ಒಳ್ಳೆಯದುಂಟು. ಆದ್ರೆ ಎಲ್ಲ ಬಿಟ್ಟು ಬಂದವರ ಹತ್ತಿರ ಜಾಗ ಕೇಳುವುದು ಹೇಗೆ ಮಾರಾಯ?"

ಗುಹೆ ಮೊದಲೋ ಆ ಕಲ್ಲು ಮೊದಲೋ, ಈಗ ಸರಿಯಾಗಿ ಹೊಳೆಯುತ್ತಿಲ್ಲ. ರಸ್ತೆ ಬದಿಯ ಹಳೆಯ ಕಲ್ಲದು. ಮೇಲೆ ಸೂರ್ಯ ಚಂದ್ರ, ಕೆಳಗೆ ಒಂದು ಕತ್ತೆ, ಒಬ್ಬ ಹೆಂಗಸು. ಹಿಂದಿನ ರಾಜರು ಜಮೀನು ದಾನ ಕೊಟ್ಟು, ಅದನ್ನು ಕಸಿದುಕೊಂಡವನಿಗೆ ಕೊರೆಸಿಟ್ಟ ಶಾಪ. ಅದರಲ್ಲಿ ಕತ್ತೆಯ ಪಾತ್ರವೇನೆಂದು ನಾನು ವಿವರಿಸಲಾರೆ, ಮನೆಯಲ್ಲಿ ಹಿರಿಯರೂ ಓದುತ್ತಾರೆ! ಈಗ ಜನ ಅದಕ್ಕೆ ಕುಂಕುಮ ಹಚ್ಚಿ ದೇವಿ ಎನ್ನುತ್ತಾರೆ. ಮಾವ ಚಪ್ಪಲಿ ಕಳಚಿಟ್ಟರು.

"ನಾವು ಕಸಿದದ್ದಲ್ಲ ಅಲ್ವಾ? ಬಿಲ್ಡರ್ ಕೊಟ್ಟದ್ದು. ಶಾಪ ತಾಗುವುದಿದ್ರೆ ಅವನಿಗೆ ತಾಗಬೇಕು."

"ಅವನು ಗಟ್ಟಿಮುಟ್ಟಾಗೇ ಇದ್ದಾನಲ್ಲ ಮಾವ."

ಈ ಮಾತನ್ನು ಆಡಿದೆನೋ ನುಂಗಿದೆನೋ ತಿಳಿಯದು. 

ಅಷ್ಟರಲ್ಲಿ ಅತ್ತೆ ದಿಂಬಿಗಿಂತ ಹಗುರಾಗಿದ್ದರು. ನಾಲಿಗೆ ಮಾತ್ರ ಮೊದಲಿನಂತೆಯೇ ಇತ್ತು.

"ಸಿಕ್ಕಿದ್ರಾ ನಿಮ್ಮ ಯಜಮಾನರು?"

"ಹತ್ತಿರ ಬಂದಿದ್ದೇನೆ. ಇನ್ನೊಂದು ಸಾವಿರ ವರ್ಷ ಹಿಂದೆ ಹೋದ್ರೆ ಸಾಕು."

"ಬೇಗ ಹೋಗಿ ಬನ್ನಿ. ನಂಗೆ ಅಷ್ಟು ಪುರುಸೊತ್ತಿಲ್ಲ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಒಂದು ದಿನ ಮಾವ ಸ್ನಾನಕ್ಕೆ ಹೋದಾಗ ನಾನು ಸಿಟ್ಟಿನಿಂದಲೇ ಕೇಳಿದೆ. "ಅತ್ತೆ, ಮಾವ ನಿಮ್ಮ ಹತ್ತಿರ ಕೂರುವುದು ಬಿಟ್ಟು ಊರೂರು ಅಲೆಯುತ್ತಿದ್ದಾರಲ್ಲ. ನೀವಾದರೂ ಬೇಡ ಎನ್ನಬಾರದೇ?"

"ಕಳಿಸುವುದೇ ನಾನು ಮಾರಾಯ. ಇಲ್ಲಿ ಕೂತ್ರೆ ನನ್ನ ಮುಖ ನೋಡಿ ನೋಡಿ ಊಟ ಬಿಡ್ತಾರೆ. ಹೊರಗೆ ಹೋದ್ರೆ ಒಂದು ವಡಾಪಾವ್ ಆದ್ರೂ ತಿಂತಾರೆ." ಸ್ವಲ್ಪ ಉಸಿರು ತೆಗೆದುಕೊಂಡರು. "ದೈವ ಸಿಕ್ಕದಿದ್ರೇ ಒಳ್ಳೆಯದು. ಸಿಕ್ಕಿದ್ರೆ ಆಮೇಲೆ ಅವರು ಎಂತದನ್ನು ಹುಡುಕುವುದು?"

ಅತ್ತೆ ಹೋದ ಮಧ್ಯಾಹ್ನ ಮಾವ ಮನೆಯಲ್ಲಿರಲಿಲ್ಲ. ನಗರದ ದಕ್ಷಿಣದ ತುದಿಗೆ, ಬಾಣಗಂಗಾ ಕೊಳಕ್ಕೆ ಒಬ್ಬರೇ ಹೋಗಿದ್ದರು. ನನ್ನನ್ನು ಅತ್ತೆ ಉಳಿಸಿಕೊಂಡಿದ್ದರು. ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಮಾವ, "ಇಲ್ಲಿ ಒಬ್ಬರು ಭಟ್ರು ಸಿಕ್ಕಿದ್ದಾರೆ. ಅವರಿಗೂ ಗೊತ್ತಿಲ್ಲವಂತೆ," ಎಂದರು.

"ಮನೆಗೆ ಬನ್ನಿ ಮಾವ."

ಆ ಕಡೆ ಪಾರಿವಾಳಗಳ ಸದ್ದು.

"ಈಗಲೇ ಬರ್ಬೇಕಾ?" ಎಂದರು.

ಮಾವ ನಿಜವಾಗಿ ದೈವವನ್ನು ನಂಬಿ ಹುಡುಕುತ್ತಿದ್ದರೋ, ಅತ್ತೆ ಯಾಕೆ ಕಳಿಸುತ್ತಾರೆಂದು ಗೊತ್ತಿದ್ದೂ ಅವರ ಸಮಾಧಾನಕ್ಕೆ ಎದ್ದು ಹೋಗುತ್ತಿದ್ದರೋ? ಮಾವ ಈಗಲೂ ಬೊರಿವಲಿಯಲ್ಲೇ ಇದ್ದಾರೆ. ಕೇಳಬಹುದು. ಕೇಳಿಲ್ಲ. ನನಗೆ ಗೊತ್ತಿಲ್ಲ.