ಹೈಬತನ ಹಲ್ಲು, ಸರ್ಕಾರದ ಹಡಗು

ಹಲ್ಲುನೋವು ಬಾರದೇ ಇದ್ದಿದ್ದರೆ ಹೈಬತ್ ಆಜ್ಞೆ ಮೀರುವ ಜಾಯಮಾನದವನೇ ಅಲ್ಲ. ಹೈಬತ್ ಅಂದರೆ ನಡುಕ ಹುಟ್ಟಿಸುವವನು ಎಂದರ್ಥ. ಆದರೆ ಯುದ್ಧದ ಹಡಗಿನ ಅಡುಗೆಯವನಾಗಿ ಅವನು ಇದುವರೆಗೆ ನಡುಕ ಹುಟ್ಟಿಸಿದ್ದು ಮೀನುಗಳಿಗೆ ಮಾತ್ರ. ಮಹಾಸಾಗರ ದಾಟಿ ಶತ್ರುವಿನ ತೀರವನ್ನು ಹೆದರಿಸಲು ಹೊರಟಿದ್ದ ಆ ಹಡಗು, ಹೈಬತನ ಊರಿರುವ ಕೆಶ್ಮ್ ದ್ವೀಪ ದಾಟುವಷ್ಟರಲ್ಲೇ ಇಂಜಿನ್ ಕೆಟ್ಟು, ಜನವಿಲ್ಲದ ನಡುಗಡ್ಡೆಯೊಂದರ ಮರೆಯಲ್ಲಿ ಲಂಗರು ಹಾಕಿತ್ತು. "ಯಾವನಾದ್ರೂ ದಡದಲ್ಲಿ ಕಂಡ್ರೆ ಜೈಲೇ ಗತಿ!" ಎಂದು ಕ್ಯಾಪ್ಟನ್ ಗುಡುಗಿದ್ದರು. ದವಡೆ ಊದಿ ಪ್ರಾಣ ಹೋಗುವಂತಾದಾಗ ಹೈಬತ್ ಮೀನುಗಾರರ ದೋಣಿಯಲ್ಲಿ ಬಲೆಯ ಕೆಳಗೆ ಮಲಗಿ, ಬೆಳಗಾಗುವಷ್ಟರಲ್ಲಿ ದ್ವೀಪದ ತನ್ನ ಮನೆ ಸೇರಿದ.

ಬಾಗಿಲು ತೆಗೆದ ಹೆಂಡತಿ ಮಾಹ್‌ಜಾನ್ ಕಿಟಾರನೆ ಕಿರುಚಿದಳು.

"ಅಯ್ಯೋ, ನೀವು ಶತ್ರು ತೀರದಲ್ಲಿದೀರ ಕಣ್ರೀ! ಈಗಷ್ಟೇ ಟೀವೀಲಿ ಹೇಳಿದ್ರು. ಅವರ ಮನೆ ಕಿಟಕಿ ಕಾಣೋವಷ್ಟು ಹತ್ರ ಹೋಗಿದೀರಂತೆ!"

ಈಗ ಸಿಕ್ಕಿಬಿದ್ದರೆ ಹೈಬತ್ ಬರೀ ಕದ್ದು ಬಂದವನಲ್ಲ, ಸರ್ಕಾರವನ್ನೇ ಸುಳ್ಳು ಮಾಡಿದವನು. ಜೈಲಿನಲ್ಲಿ ಕೊಳೆಯುವುದು ಖಂಡಿತ ಎಂದುಕೊಳ್ಳುವಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಮಾಹ್‌ಜಾನ್ ತಾನು ತಲೆಯಿಂದ ಕಾಲಿನವರೆಗೆ ಹೊದೆಯುವ ಚಾದರವನ್ನು ಅವನ ಮೇಲೆ ಹೊದಿಸಿ, ಗೂಟದಲ್ಲಿದ್ದ ತನ್ನ ಮುಖವಾಡವನ್ನು ಅವನ ಮೋರೆಗೆ ಬಿಗಿದಳು. ದ್ವೀಪದ ಹೆಂಗಸರ ಆ ಮುಖವಾಡಕ್ಕೆ ದಪ್ಪ ಹುಬ್ಬು, ಮೀಸೆ ಎಲ್ಲ ಉಂಟು. ಸಮುದ್ರದಿಂದ ಬರುವ ಶತ್ರುಗಳು ಇವರನ್ನು ಗಂಡಸರೆಂದು ತಿಳಿದು ಹೆದರಲಿ ಎಂದು ಹಿಂದಿನವರು ಹಾಗೆ ಹೊಲಿದರಂತೆ. ಈಗ ಅದೇ ಮುಖವಾಡ ನೌಕಾಪಡೆಯ ಗಂಡಸನ್ನು ಹೆಂಗಸು ಮಾಡಿತು.

ಬಂದವಳು ಪಕ್ಕದ ಮನೆಯ ಸಕೀನೆ ಖಾಲಾ, ಊರಿಗೆಲ್ಲ ಚಿಕ್ಕಮ್ಮ. ಊರಿನ ಸುದ್ದಿಯೆಲ್ಲ ಅವಳ ಸೆರಗಿನಲ್ಲೇ ಇರುತ್ತಿತ್ತು.

"ಮುಬಾರಕ್ ಕಣೇ! ಜಿರಳೆ ಕಂಡ್ರೆ ಮಂಚ ಹತ್ತೋನು ನಿನ್ ಗಂಡ. ಅವನಿಗೇ ಹೆದರ್ಕೊಂಡವ್ರೆ ಅಂದ್ರೆ ಆ ಶತ್ರುಗಳೆಂಥ ಪುಕ್ಕಲರಿರ್ಬೇಕು! ಅದ್ಸರಿ, ಇವಳ್ಯಾರು?"

"ನಮ್ಮತ್ತೆ ಕಡೆಯೋರು ಖಾಲಾ. ಹಲ್ಲುನೋವು, ಮಾತಾಡಕ್ಕಾಗಲ್ಲ."

"ಅಯ್ಯೋ ಪಾಪ! ಏಳವ್ವಾ, ಡಾಕ್ಟರ ಹತ್ರ ನಾನೇ ಕರ್ಕೊಂಡ್ಹೋಗ್ತೀನಿ."

ಬೇಡವೆನ್ನಲು ಹೈಬತ್ ಬಾಯಿ ತೆರೆಯುವಂತಿರಲಿಲ್ಲ. ಖಾಲಾ ಅವನನ್ನು ಬೀದಿಯುದ್ದಕ್ಕೂ ಎಳೆದುಕೊಂಡು ಹೋದಳು. ಚಹಾ ಅಂಗಡಿಯ ಮುಂದೆ ನಿಂತಿದ್ದ ಪೊಲೀಸಿನವನ ಕಣ್ಣು ಚಾದರದ ಅಂಚಿಗೆ ಬಿತ್ತು. ಹೈಬತ್ ಹಡಗಿನ ಬೂಟು ಬಿಚ್ಚುವುದನ್ನೇ ಮರೆತಿದ್ದ.

"ಏನಮ್ಮಾ, ಬೂಟು?" ಎಂದ ಪೊಲೀಸ್.

ಹೈಬತ್ ಚಾದರದ ಅಂಚನ್ನು ಕೆಳಗೆ ಎಳೆದುಕೊಂಡ. ಕಣ್ಣ ಮುಂದೆ ಜೈಲಿನ ಕಂಬಿಗಳು ಕುಣಿದವು.

"ಹೆಂಗಸರ ಕಾಲು ನೋಡ್ತಾ ನಿಂತಿದೀಯಲ್ಲೋ, ನಾಚ್ಕೆ ಆಗಲ್ವಾ?" ಎಂದು ಖಾಲಾ ರೇಗಿದಳು. "ಇವಳ ನೆಂಟ ಅಲ್ಲಿ ಶತ್ರು ಎದೆ ಮೇಲೆ ಕೂತವ್ನೆ, ಇವಳು ಅವನ ಬೂಟು ಹಾಕ್ಕೊಂಡು ಸಮಾಧಾನ ಮಾಡ್ಕೊಳ್ತವ್ಳೆ!"

ಪೊಲೀಸಿನವನು ಬೆಪ್ಪಾಗಿ ಸಲ್ಯೂಟ್ ಹೊಡೆದ.

ಡಾಕ್ಟರ ಅಂಗಳದಲ್ಲಿ ಜನವೋ ಜನ. ಹೈಬತ್ ಮುಖವಾಡ ತೊಟ್ಟ ಒಬ್ಬ ದಪ್ಪ ಹೆಂಗಸಿನ ಪಕ್ಕ ಬೆಂಚಿನ ಮೇಲೆ ಮುದುಡಿ ಕೂತ. ಎಲ್ಲರ ಕಣ್ಣೂ ಟೀವಿಯ ಮೇಲಿತ್ತು. ಶತ್ರುವಿನ ನೌಕಾಪಡೆಯ ದೊಡ್ಡ ಅಧಿಕಾರಿ ಮಾತಾಡುತ್ತಿದ್ದ. ಈಗ ಹಡಗು ಗಿಡಗು ಏನೂ ಇಲ್ಲವೆಂದು ಅವನು ನಗುತ್ತಾನೆ, ಸರ್ಕಾರ ನಮ್ಮ ಮೇಲೆ ಉರಿದುಬೀಳುತ್ತದೆ ಎಂದು ಹೈಬತ್ ಕಣ್ಣು ಮುಚ್ಚಿಕೊಂಡ.

"ಹೌದು, ಆ ಹಡಗನ್ನು ನಾವು ಕಣ್ಣಾರೆ ಕಂಡಿದ್ದೇವೆ" ಎಂದು ಟೀವಿ ಅನುವಾದಿಸಿತು. "ನಮ್ಮ ತೀರ ಭಾರಿ ಗಂಡಾಂತರದಲ್ಲಿದೆ. ಹೊಸ ಯುದ್ಧನೌಕೆಗಳನ್ನು ಕಟ್ಟಲು ಕೂಡಲೇ ಹಣ ಕೊಡಿ!"

ಅಂಗಳದ ತುಂಬ ಚಪ್ಪಾಳೆ, ಶಿಳ್ಳೆ. ಪಕ್ಕದ ದಪ್ಪ ಹೆಂಗಸು ಮಾತ್ರ ಹಣೆ ಚಚ್ಚಿಕೊಂಡು, "ಹಾಳಾಗ್ಹೋಯ್ತು!" ಎಂದಳು.

ಆ ಗುಡುಗು ಹೈಬತನಿಗೆ ಚೆನ್ನಾಗಿ ಗೊತ್ತು. ಅವನು ಮೆಲ್ಲಗೆ ಅವಳ ಕಿವಿಯತ್ತ ಬಾಗಿದ. "ಕ್ಯಾಪ್ಟನ್ ಸಾಹೇಬ್ರೇ... ನೀವೂ?"

"ಬಾಯ್ಮುಚ್ಚೋ! ನಮ್ಮನೆ ಇರೋದೂ ಇದೇ ಊರಲ್ಲೇ."

"ಶತ್ರು ಹೆದರಿದಾನಲ್ಲ ಸಾಹೇಬ್ರೇ, ಒಳ್ಳೇದೇ ಆಯ್ತಲ್ವಾ?"

ಕ್ಯಾಪ್ಟನ್ ಅವನ ರಟ್ಟೆ ಹಿಡಿದು ದೋಣಿಯ ಕಡೆಗೆ ಎಳೆದರು.

"ದಡ್ಡ! ಅವನು ಸುಳ್ಳು ಅಂದಿದ್ರೆ ಒಂದಿನ ಬೈಸ್ಕೊಂಡು ತೆಪ್ಪಗೆ ಮನೆ ಸೇರ್ತಿದ್ವಿ. ಈಗ ಅವನೇ ಸಾಕ್ಷಿ ಹೇಳ್ಬಿಟ್ಟ. ಅವನ ಹೊಸ ಹಡಗೆಲ್ಲ ಕಟ್ಟಿ ಮುಗಿಯೋವರೆಗೂ ನಾವು ಆ ನಡುಗಡ್ಡೆ ಮರೇಲೇ ಅಡಗಿರ್ಬೇಕು ಕಣೋ!"